ಸದ್ದು ಇಳಿಸಿದ ವರ್ಷ

ತಗಡಿನ ಮೇಸ್ತ್ರಿಗೆ ಸುಮ್ಮನೆ ಕೂರಲು ಬರುವುದಿಲ್ಲ. ಊಟಕ್ಕೆ ಕೂತರೂ ಎಡಗೈ ತಟ್ಟೆಯ ಅಂಚನ್ನು ಸವರುತ್ತಿರುತ್ತದೆ. ಎಲ್ಲಾದರೂ ತಗ್ಗು ಸಿಕ್ಕಿದರೆ ಹೆಬ್ಬೆರಳು ಅಲ್ಲೇ ನಿಂತು ಅದನ್ನು ಒತ್ತಿ ನೋಡುತ್ತದೆ. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಅವನ ಮನೆ. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆ. ಅಂಗಡಿಯಲ್ಲಿ ತಗಡು ಇಟ್ಟು ಬಡಿಯಲು ಮರದ ದಿಮ್ಮಿಯ ಮೇಲೆ ಕೂರಿಸಿದ ಅಡಿಗಲ್ಲು, ಗೋಡೆಗೆ ನೇತುಹಾಕಿದ ಕತ್ತರಿಗಳು, ಮೂಲೆಯಲ್ಲಿ ಸುರುಳಿ ಸುತ್ತಿದ ತಗಡು. ಟ್ರಂಕು, ಬಕೆಟ್ಟು, ಹೊಗೆ ಕೊಳವೆ, ಬೇಕರಿಯವರಿಗೆ ತಟ್ಟೆ, ಗೇಟಿಗೆ ಹಾಕುವ ಅಂಚೆಪೆಟ್ಟಿಗೆ, ಇವೆಲ್ಲ ಅವನ ಕೈಯಿಂದ ಹೊರಬಿದ್ದಿವೆ. ಇವುಗಳಲ್ಲಿ ಯಾವುದನ್ನೂ ಬಡಿಯದೆ ಮಾಡಲು ಆಗುವುದಿಲ್ಲ.

ಆ ಬಡಿತದ ಮೇಲೆ ಅವನಿಗೆ ಅನುಮಾನ ಹುಟ್ಟಿದ್ದು ದೊಡ್ಡ ಮಗಳ ಹತ್ತನೇ ತರಗತಿ ಫಲಿತಾಂಶದ ದಿನ. ಅವಳು ಗಣಿತದಲ್ಲಿ ಫೇಲಾಗಿದ್ದಳು. ಶಾಲೆಯಿಂದ ಬಂದವಳು ಅಂಗಡಿಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಳು. ಅವನು ಒಂದು ಟ್ರಂಕಿನ ಮುಚ್ಚಳ ಬಡಿಯುತ್ತಿದ್ದ. 'ಈ ಸದ್ದಲ್ಲಿ ಯಾರಿಗೆ ತಾನೇ ಓದೋಕಾಗುತ್ತೆ' ಎಂದು ಹೇಳಿ ಮೇಲೆ ಹೋದಳು. ಅಷ್ಟೇ. ಆಮೇಲೆ ಅವಳು ಮತ್ತೆ ಕಟ್ಟಿ ಪಾಸು ಮಾಡಿದಳು, ಈಗ ನಗರ ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್. ಡಿಪೋ ಹತ್ತಿರ ಕೋಣೆ ಮಾಡಿಕೊಂಡಿದ್ದಾಳೆ. ರಜೆ ಸಿಕ್ಕಾಗ ಬಂದು ಬೀದಿಗೆಲ್ಲ ಕೇಳುವಂತೆ ನಗುತ್ತಾಳೆ. ಆದರೆ ಆ ಮಾತು ಅಪ್ಪನ ಎದೆಯಲ್ಲಿ ಕೂತುಬಿಟ್ಟಿತು. ಯಾರೊಂದಿಗೂ ಅವನು ಅದನ್ನು ಆಡಲಿಲ್ಲ.

ಚಿಕ್ಕ ಮಗಳು ಹತ್ತನೇ ತರಗತಿಗೆ ಬರುವ ಹೊತ್ತಿಗೆ ಅವನ ಯೋಜನೆ ತಯಾರಿತ್ತು. ಅವಳಿಗೆ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ನಕ್ಷೆ ಬಿಡಿಸುವ ಕೋರ್ಸು ಸೇರಬೇಕೆಂಬ ಆಸೆ. ಗಣಿತದಲ್ಲಿ ಎಂಬತ್ತು ದಾಟಿದರೆ ಸೀಟು ಸಿಗುತ್ತದೆ, ದಾಟದಿದ್ದರೆ ಇಲ್ಲ ಎಂದು ಗಣಿತದ ಮೇಷ್ಟ್ರು ಮೊದಲೇ ಹೇಳಿದ್ದರು. ಎಂಬತ್ತು ಅನ್ನುವ ಸಂಖ್ಯೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು.

ಮೇಸ್ತ್ರಿ ತನ್ನ ಕೆಲಸಗಳನ್ನು ಸದ್ದಿನ ಲೆಕ್ಕದಲ್ಲಿ ವಿಂಗಡಿಸಿದ. ಟ್ರಂಕಿನಂಥ ದೊಡ್ಡ ಸದ್ದಿನ ಕೆಲಸವೆಲ್ಲ ಅವಳು ಶಾಲೆಯಲ್ಲಿರುವಾಗ. ಅವಳು ಮನೆಗೆ ಬಂದ ಮೇಲೆ ಅಂಗಡಿ ಬಂದ್. ಅಡಿಗಲ್ಲಿನ ಕೆಳಗೆ ಹಳೆಯ ಬಸ್ಸಿನ ಟೈರು ಕತ್ತರಿಸಿ ಹಾಸಿದ. ಬಾಗಿಲ ತಿರುಗಣಿಗೆ ಎಣ್ಣೆ ಬಿಟ್ಟ. ಸಂಜೆ ಬರುವ ಗಿರಾಕಿಗಳನ್ನು ಬೀದಿಯಲ್ಲೇ ನಿಲ್ಲಿಸಿ ಪಿಸುಮಾತಿನಲ್ಲಿ ಅಳತೆ ಕೇಳತೊಡಗಿದ. ಒಬ್ಬ ಗಿರಾಕಿ ಕದ್ದ ಮಾಲೇನೋ ಎಂದು ಹೆದರಿ ಬಕೆಟ್ಟು ಬೇಡವೆಂದು ಹೋದ.

ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಹೊಲಿಗೆ ಯಂತ್ರವನ್ನೂ ಬೆಳಗಿನ ಪಾಳಿಗೆ ಹಾಕಲಾಯಿತು.

'ಕುಕ್ಕರ್ ಬೆಳಗ್ಗೆ, ಮಿಷನ್ನು ಬೆಳಗ್ಗೆ. ಉಸಿರನ್ನಾದ್ರೂ ಸಂಜೆ ಆಡಬಹುದಾ, ಇಲ್ಲ ಅದನ್ನೂ ಬೆಳಗ್ಗೆನೇ ಮುಗಿಸಿಬಿಡಬೇಕಾ?' ಎಂದಳು ಅವಳು.

'ಒಂದು ವರ್ಷ ಕಣೇ.'

'ನಿಂಗೆ ಒಂದು ಗಂಟೆ ಸುಮ್ಮನಿರೋಕಾಗಲ್ಲ. ವರ್ಷದ ಮಾತಾಡ್ತೀಯ.'

ಅವಳು ಹೇಳಿದ್ದು ನಿಜ. ಸಂಜೆ ಅವನು ಮೆಟ್ಟಿಲ ಮೇಲೆ ಕೂರುತ್ತಿದ್ದ, ಏಳುತ್ತಿದ್ದ, ಬೀದಿಯ ತುದಿಯವರೆಗೆ ಹೋಗಿ ಬರುತ್ತಿದ್ದ, ಮತ್ತೆ ಕೂರುತ್ತಿದ್ದ. ಮನೆಯ ಚಮಚಗಳ ಹಿಡಿಯನ್ನೆಲ್ಲ ಕೈಯಲ್ಲೇ ನೆಟ್ಟಗೆ ಮಾಡಿದ. ನೆಟ್ಟಗಿದ್ದವನ್ನು ಬಗ್ಗಿಸಿ ಮತ್ತೆ ನೆಟ್ಟಗೆ ಮಾಡಿದ.

ಎದುರಿನ ಹಿಟ್ಟಿನ ಗಿರಣಿಯೊಂದು ಉಳಿದಿತ್ತು. ಗಿರಣಿಯವನು ಮೇಸ್ತ್ರಿಯ ಓರಗೆಯವನು. ಇಬ್ಬರೂ ಒಂದೇ ಕಾಲಕ್ಕೆ ಆ ಬೀದಿಯಲ್ಲಿ ಅಂಗಡಿ ಹಾಕಿದವರು.

'ಸಂಜೆ ಗಿರಣಿ ನಿಲ್ಲಿಸು ಅಂತೀಯಾ? ನಿನ್ನ ಮಗಳು ಪರೀಕ್ಷೆ ಬರೀತಾಳೆ ಅಂತ ಊರವರು ಹಿಟ್ಟು ಬೇಡ ಅನ್ನಬೇಕಾ?'

'ಪೂರ್ತಿ ನಿಲ್ಲಿಸು ಅಂದ್ನಾ? ಬೆಳಗ್ಗೆನೇ ಬೀಸಿಬಿಡು ಅಂದೆ.'

'ಇಷ್ಟು ವರ್ಷ ನಿನ್ನ ಸುತ್ತಿಗೆ ಕೇಳಿ ಕೇಳಿ ನನ್ನ ಕಿವಿ ಅರ್ಧ ಹೋಗಿದೆ. ಒಂದಿನ ಅಂಗಡಿ ಮುಚ್ಚು ಅಂದಿದ್ದೀನಾ ನಾನು?'

'ಅದಕ್ಕೇ ನಿನ್ನ ಹತ್ರ ಬಂದಿದ್ದು. ನೀನು ತಾಳ್ಮೆ ಇರೋನು.'

ಗಿರಣಿಯವನು ಬೈದುಕೊಂಡೇ ಒಪ್ಪಿದ. ಮರುದಿನದಿಂದ ಸಂಜೆ ಆ ಬೀದಿಯ ಆ ತುಂಡಿನಲ್ಲಿ ಕಾಗೆ ಕೂಗಿದರೂ ಜನ ತಲೆಯೆತ್ತಿ ನೋಡುವಂತಾಯಿತು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಹುಡುಗಿಗೆ ಗಣಿತದಲ್ಲಿ ಬಂದದ್ದು ಐವತ್ತೆರಡು. ಹಿಂದಿನ ವರ್ಷ ಅವಳು ಎಪ್ಪತ್ತರ ಕೆಳಗೆ ಇಳಿದವಳಲ್ಲ.

ಮೇಸ್ತ್ರಿ ಅಂಕಪಟ್ಟಿ ನೋಡಿದ, ಬೈಯಲಿಲ್ಲ. ಆ ದಿನ ಸಂಜೆ ಅವನು ಮನೆಯಲ್ಲೆಲ್ಲ ಕಿವಿಗೊಟ್ಟು ಓಡಾಡಿದ. ಎಲ್ಲೋ ಇನ್ನೂ ಸದ್ದು ಉಳಿದುಕೊಂಡಿದೆ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಬಚ್ಚಲ ನಲ್ಲಿ ತೊಟ್ಟಿಕ್ಕುತ್ತಿತ್ತು. ಅದರ ವಾಷರ್ ಬದಲಿಸಿದ. ಗೋಡೆ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು; ಕಿತ್ತು ಕೆಳಗೆ ಒಯ್ದು ಟ್ರಂಕಿನೊಳಗೆ ಇಟ್ಟ. ಹೆಂಡತಿ ಪಾತ್ರೆ ಇಡುವ ಕಟ್ಟೆಯ ಮೇಲೆ ಹಳೆಯ ಟವೆಲ್ ಹಾಸಿದ. ಮಗಳು ಪುಸ್ತಕದ ಮೇಲೆ ತಲೆ ಬಗ್ಗಿಸಿಕೊಂಡು ಇದನ್ನೆಲ್ಲ ನೋಡುತ್ತಿದ್ದಳು. ಪುಟ ತಿರುಗಿಸಲಿಲ್ಲ.

ಅವನು ಶಾಲೆಗೂ ಹೋದ. ಗಣಿತದ ಮೇಷ್ಟ್ರು ಹೇಳಿದರು: 'ಅದೇ ಅರ್ಥ ಆಗ್ತಿಲ್ಲ ಮೇಸ್ತ್ರಿ. ಕ್ಲಾಸಲ್ಲಿ ಅರವತ್ತು ಜನ ಗಲಾಟೆ ಮಾಡ್ತಿರ್ತಾರೆ, ಅದರ ಮಧ್ಯೆ ಇವಳು ಎಲ್ಲರಿಗಿಂತ ಮೊದಲು ಲೆಕ್ಕ ಮುಗಿಸ್ತಾಳೆ. ಟೆಸ್ಟಿಗೆ ಅಂತ ಕೂರಿಸಿದ್ರೆ ಪೆನ್ನು ಹಿಡ್ಕೊಂಡು ಕಿಟಕಿ ನೋಡ್ತಾಳೆ.'

'ಮನೇಲಿ ಸದ್ದು ಜಾಸ್ತಿ ಇರಬೇಕು ಸರ್. ಇನ್ನೂ ಕಮ್ಮಿ ಮಾಡ್ತೀನಿ' ಎಂದ ಮೇಸ್ತ್ರಿ.

ಅದಾದ ಮೇಲೆ ಹುಡುಗಿ ಶಾಲೆಯಿಂದ ತಡವಾಗಿ ಬರತೊಡಗಿದಳು. ಸ್ಪೆಷಲ್ ಕ್ಲಾಸ್ ಎಂದಳು. ಮೇಸ್ತ್ರಿಗೆ ಸಮಾಧಾನವಾಯಿತು, ಶಾಲೆಯಲ್ಲಾದರೂ ಸದ್ದಿಲ್ಲದೆ ಓದಲಿ ಎಂದುಕೊಂಡ.

ನಿಜ ಹೊರಬಿದ್ದದ್ದು ದೊಡ್ಡ ಮಗಳಿಂದ. ಡಿಪೋದಲ್ಲಿ ಒಬ್ಬ ಡ್ರೈವರ್ ಅವಳನ್ನು ಕೇಳಿದ: 'ನಿನ್ನ ತಂಗಿ ದಿನಾ ನನ್ನ ಬಸ್ಸಲ್ಲಿ ಕೊನೇ ಸ್ಟಾಪಿಗೆ ಹೋಗ್ತಾಳೆ, ಇಳಿಯೋದೇ ಇಲ್ಲ, ಅದೇ ಬಸ್ಸಲ್ಲಿ ವಾಪಸ್ ಬರ್ತಾಳೆ. ಏನಮ್ಮ ಸಮಾಚಾರ?' ಹದಿನೈದು ತುಂಬಿದ ಹುಡುಗಿ ಬಸ್ಸಿನಲ್ಲಿ ಸುತ್ತುವುದಕ್ಕೆ ಏನೇನು ಕಾರಣ ಇರಬಹುದೋ ಅಷ್ಟನ್ನೂ ಯೋಚಿಸಿಕೊಂಡು, ತನ್ನ ರಜೆಯ ದಿನ ದೊಡ್ಡವಳು ಆ ಬಸ್ಸು ಹತ್ತಿದಳು.

ತಂಗಿ ಹಿಂದಿನ ಉದ್ದ ಸೀಟಿನಲ್ಲಿ, ಇಂಜಿನ್ ಇರುವ ಕಡೆ ಕೂತಿದ್ದಳು. ಬಸ್ಸು ನಡುಗುತ್ತಿತ್ತು, ಕಿಟಕಿ ಗಾಜುಗಳು ಗಡಗಡ ಅನ್ನುತ್ತಿದ್ದವು. ತೊಡೆಯ ಮೇಲೆ ರಫ್ ಪುಸ್ತಕ. ಅಕ್ಕ ಎದುರು ಬಂದು ನಿಂತರೂ ಕಾಣಲಿಲ್ಲ ಅವಳಿಗೆ.

'ಸ್ಪೆಷಲ್ ಕ್ಲಾಸು ಇಲ್ಲಿ ನಡೀತಿದೆಯಾ? ಮೇಷ್ಟ್ರೆಲ್ಲಿ, ಇಂಜಿನ್ ಒಳಗಾ?'

ಹುಡುಗಿ ಬೆಚ್ಚಿಬಿದ್ದಳು. 'ಪಾಸಿದೆ ಅಕ್ಕ ನನ್ನ ಹತ್ರ.'

'ಪಾಸ್ ಕೇಳಿದ್ನಾ? ಅತ್ತ ಸರಿ. ಯಾರಿಗೋಸ್ಕರ ಸುತ್ತುತ್ತಿದ್ದೀಯಾ, ಹೇಳು.'

'ಇದಕ್ಕೋಸ್ಕರ' ಎಂದು ಹುಡುಗಿ ರಫ್ ಪುಸ್ತಕ ತೋರಿಸಿದಳು. 'ಮನೇಲಿ ಆಗ್ತಿಲ್ಲ.'

'ಮನೇಲಿ ಸೂಜಿ ಬಿದ್ರೂ ಕೇಳುತ್ತೆ ಈಗ.'

'ಅದೇ ಅಕ್ಕ. ಸೂಜಿ ಬೀಳುತ್ತೆ ಅಂತ ಕಾಯ್ತಾ ಕೂತಿರ್ತೀನಿ. ಅಪ್ಪ ಮೆಟ್ಟಿಲ ಮೇಲೆ ಕೂತಿದ್ರೆ ಅವರ ಮೊಣಕಾಲು ಲಟಕ್ ಅನ್ನೋದು ಕೇಳುತ್ತೆ. ಅಮ್ಮ ಪಾತ್ರೇನ ಟವೆಲ್ ಮೇಲಿಡ್ತಾಳೆ, ಅದೂ ಕೇಳುತ್ತೆ. ಒಂದು ಲೆಕ್ಕ ತಪ್ಪಿದ್ರೆ ಬೀದಿಯೆಲ್ಲ ನನ್ನನ್ನೇ ನೋಡ್ತಿದೆ ಅನ್ಸುತ್ತೆ. ಮೊದಲು ಅಪ್ಪ ಕೆಳಗೆ ಬಡೀತಿದ್ರು, ನಾನು ಮೇಲೆ ಮಾಡ್ತಿದ್ದೆ. ಅವರ ಪಾಡು ಅವರಿಗೆ, ನನ್ನ ಪಾಡು ನನಗೆ.'

'ಇದನ್ನ ಅಪ್ಪನಿಗೆ ಹೇಳೋಕೆ ಏನು ಕಷ್ಟ?'

'ನೀನು ಹೇಳು ನೋಡೋಣ. ಟೈರು ಹಾಸಿದ್ದಾರೆ. ಗಡಿಯಾರ ಕಿತ್ತಿದ್ದಾರೆ. ಗಿರಣಿ ಮಾವ ಗಿರಣಿ ನಿಲ್ಲಿಸಿದ್ದಾರೆ. ಇಷ್ಟಾದ ಮೇಲೆ ನಂಗೆ ಇದು ಬೇಡ ಅನ್ನೋಕಾಗುತ್ತಾ?'

ಅಕ್ಕ ಅವಳ ಪಕ್ಕ ಕೂತಳು. ಕೊನೆಯ ಸ್ಟಾಪು ಬರುವಷ್ಟರಲ್ಲಿ ಹುಡುಗಿ ಇನ್ನೆರಡು ಲೆಕ್ಕ ಮುಗಿಸಿದಳು.

ಅದೇ ಸಂಜೆ ದೊಡ್ಡವಳು ಮುಚ್ಚಿದ ಅಂಗಡಿಯ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಮೇಸ್ತ್ರಿ ಕತ್ತಲಲ್ಲಿ ರಿವೆಟ್ಟುಗಳನ್ನು ಗಾತ್ರದ ಪ್ರಕಾರ ಬೇರೆ ಮಾಡುತ್ತಿದ್ದ. ಅವು ನೆಲಕ್ಕೆ ಬಿದ್ದರೆ ಸದ್ದಾಗದಿರಲಿ ಎಂದು ಕೆಳಗೆ ಗೋಣಿಚೀಲ ಹಾಸಿದ್ದ. ಅವಳು ಬಸ್ಸಿನ ವಿಷಯವೆಲ್ಲ ಹೇಳಿದಳು. ಅವನು ಕೇಳಿ, ತಲೆಯಾಡಿಸಿದ.

'ಹಾಗಲ್ಲ ಅದು. ಅವಳು ಮಗು, ಅವಳಿಗೆ ಗೊತ್ತಾಗಲ್ಲ. ಸದ್ದಲ್ಲಿ ಯಾರಿಗೂ ಓದೋಕಾಗಲ್ಲ. ನೀನೇ ಅಂದಿದ್ದೀಯ.'

'ನಾನಾ? ಯಾವಾಗ?'

'ಫಲಿತಾಂಶದ ದಿನ. ಇಲ್ಲೇ ನಿಂತ್ಕೊಂಡು ಅಂದೆ.'

ದೊಡ್ಡವಳು ಯೋಚಿಸಿದಳು. ಅವಳ ಮುಖ ನೋಡಿದರೆ ನಟನೆಯಲ್ಲವೆಂದು ಗೊತ್ತಾಗುತ್ತಿತ್ತು. 'ನೆನಪೇ ಇಲ್ಲಪ್ಪ. ಅಂದಿದ್ರೂ ಅಂದಿರ್ತೀನಿ. ಫೇಲಾಗಿ ಬಂದೋಳು ಏನಾದ್ರೂ ಅನ್ನಲೇಬೇಕಲ್ಲ. ನಂಗೆ ಗಣಿತ ತಲೆಗೆ ಹತ್ತಲಿಲ್ಲ, ಅಷ್ಟೇ. ನೀನು ಸುತ್ತಿಗೆ ಬಿಟ್ಟು ವೀಣೆ ಹಿಡಿದಿದ್ರೂ ಹತ್ತುತ್ತಿರಲಿಲ್ಲ.'

ಮೇಸ್ತ್ರಿ ಕೈಯಲ್ಲಿದ್ದ ರಿವೆಟ್ಟುಗಳನ್ನೆಲ್ಲ ಒಂದೇ ಡಬ್ಬಿಗೆ ಸುರಿದ. ದೊಡ್ಡದು, ಚಿಕ್ಕದು ಎಲ್ಲ ಬೆರೆತವು. ಎದ್ದು ಬಾಗಿಲವರೆಗೆ ಹೋದ, ಬಂದ. ಕೊನೆಗೆ, 'ಟೈರು ತೆಗೀಬೇಕಾ?' ಎಂದು ಕೇಳಿದ.

'ತೆಗಿ' ಎಂದಳು ಮಗಳು.

ಮರುದಿನ ಸಂಜೆ ಬೀದಿಯಲ್ಲಿ ಸುತ್ತಿಗೆಯ ಸದ್ದು ಕೇಳಿದಾಗ ಗಿರಣಿಯವನು ಹಿಟ್ಟಿನ ಕೈಯಲ್ಲೇ ಓಡಿಬಂದ. ಮೇಲಿನಿಂದ ಹುಡುಗಿ ಬಿದ್ದಳೋ, ಪರೀಕ್ಷೆಯೇ ರದ್ದಾಯಿತೋ ಎಂದು ಅವನಿಗೆ ಗಾಬರಿ. ವಿಷಯ ತಿಳಿದ ಮೇಲೆ, 'ಈಗ ನಾನು ಸಂಜೆ ಬೀಸಬೇಕಾ, ಬೀಸಬಾರದಾ? ಒಂದು ಮಾತು ಹೇಳಿಬಿಡು. ಗಿರಾಕಿಗಳು ನನಗೆ ತಲೆ ಕೆಟ್ಟಿದೆ ಅಂತಿದ್ದಾರೆ' ಎಂದ.

'ಬೀಸು, ಬೀಸು. ಜೋರಾಗೇ ಬೀಸು.'

ಮೇಲೆ ಹುಡುಗಿ ಓದುತ್ತಿದ್ದಳು. ಬಸ್ಸಿನ ಸುತ್ತಾಟ ನಿಂತಿತು. ಹೆಂಡತಿ ಹೊಲಿಗೆ ಯಂತ್ರವನ್ನು ಮತ್ತೆ ಕಿಟಕಿಯ ಪಕ್ಕಕ್ಕೆ ಎಳೆದುಕೊಂಡಳು. ಮೇಸ್ತ್ರಿಯೊಬ್ಬನಿಗೆ ನೆಮ್ಮದಿ ಬರಲಿಲ್ಲ. ಒಂದು ಕೊಳವೆ ಬಡಿಯುತ್ತಿರುವಾಗ ಅವನಿಗೆ ಹೊಸ ಯೋಚನೆ ಬಂದು ಸುತ್ತಿಗೆ ಅಲ್ಲೇ ನಿಂತಿತು: ಪರೀಕ್ಷಾ ಕೊಠಡಿಯಲ್ಲಿ ಯಾರು ಬಡಿಯುತ್ತಾರೆ?

ಅಲ್ಲಿ ಸದ್ದೇ ಇರುವುದಿಲ್ಲ. ಮೇಷ್ಟ್ರು ಹೇಳಿದ್ದು, ಟೆಸ್ಟಿಗೆ ಕೂತರೆ ಕಿಟಕಿ ನೋಡುತ್ತಾಳೆ ಎಂದದ್ದು, ಈಗ ಅವನಿಗೆ ಅರ್ಥವಾಯಿತು: ಮನೆಯಲ್ಲಿ ಹತ್ತಿದ ಮೌನದ ಹೆದರಿಕೆ ಅಲ್ಲಿಗೂ ಹೋಗುತ್ತಿದೆ. ಅರ್ಥವಾದ ಮೇಲೆ ಮೊದಲಿಗಿಂತ ಹೆಚ್ಚು ತಳಮಳವಾಯಿತು. ಮೂರು ದಿನ ಅವನು ಯಾರ ಕೈಗೂ ಸಿಗದೆ ಓಡಾಡಿದ. ಕೊನೆಗೆ ಮಗಳನ್ನೇ ಅಂಗಡಿಗೆ ಕರೆದ.

'ನೋಡು, ಸದ್ದು ಒಂದೇ ಸಲ ನಿಲ್ಲಿಸಿದ್ದು ತಪ್ಪು. ಮೆಲ್ಲಗೆ ಇಳಿಸಬೇಕಿತ್ತು. ಕಾದ ತಗಡನ್ನ ನೀರಿಗೆ ಅದ್ದಿದ್ರೆ ಸೊಟ್ಟಗಾಗುತ್ತೆ. ಹಾಗೇ ಬಿಟ್ರೆ ತಾನಾಗೇ ಆರುತ್ತೆ.'

'ನಾನು ತಗಡಾ ಅಪ್ಪ?'

'ಅಲ್ಲ. ಆದ್ರೆ ನಂಗೆ ಗೊತ್ತಿರೋದು ಅದೊಂದೇ.'

ಹುಡುಗಿ ನಕ್ಕಳು. ಇಬ್ಬರೂ ಕೂತು ಯೋಜನೆ ಹಾಕಿದರು. ಮೊದಲು ಕೆಲವು ವಾರ ಕಬ್ಬಿಣದ ಸುತ್ತಿಗೆಯೇ ಇರಲಿ. ಆಮೇಲೆ ಮರದ ಕೊಡತಿ; ಅದರ ಪೆಟ್ಟು ದಪ್ಪ, ಆದರೆ ಕಿವಿಗೆ ನಾಟುವುದಿಲ್ಲ. ಅದಾದ ಮೇಲೆ ಅರದಿಂದ ಅಂಚು ಉಜ್ಜುವ ಕೆಲಸ. ಆಮೇಲೆ ಬರೀ ಕತ್ತರಿ. ಪರೀಕ್ಷೆಯ ಹಿಂದಿನ ವಾರ ಏನೂ ಇಲ್ಲ. ಗಿರಣಿಯವನಿಗೂ ಒಂದು ಪಾಲು ಬಿತ್ತು: ಮೊದಲು ಮೆಣಸಿನ ಯಂತ್ರ ನಿಲ್ಲಬೇಕು, ಆಮೇಲೆ ಹಿಟ್ಟಿನದು.

'ನಾನೂ ಹತ್ತನೇ ಕ್ಲಾಸ್ ಕಟ್ಟಿದ್ದೀನಿ ಅಂತ ಹೆಸರು ಬರೆಸಿಬಿಡು' ಎಂದ ಗಿರಣಿಯವನು.

ಸಿದ್ಧತಾ ಪರೀಕ್ಷೆ ಕೊಡತಿಯ ವಾರದಲ್ಲಿ ಬಂತು. ಗಣಿತದಲ್ಲಿ ಎಪ್ಪತ್ತೊಂದು. ಮೇಸ್ತ್ರಿಗೆ ಖುಷಿಗಿಂತ ಆತುರ ಹೆಚ್ಚಾಯಿತು. ಎಂಬತ್ತಕ್ಕೆ ಇನ್ನೂ ಒಂಬತ್ತು ಬೇಕು. ಅರದ ವಾರದಲ್ಲಿ ಅವನು ಉಜ್ಜಬೇಕಾದ ಅಂಚುಗಳೆಲ್ಲ ಮುಗಿದು, ಉಜ್ಜಬೇಕಿಲ್ಲದ ಅಂಚುಗಳನ್ನೂ ಉಜ್ಜಿದ. ಒಂದು ಬಕೆಟ್ಟಿನ ಬಾಯಿ ಕಾಗದದಷ್ಟು ತೆಳ್ಳಗಾಗಿ ಕೆಟ್ಟಿತು. ಏನೂ ಇಲ್ಲದ ವಾರದಲ್ಲಿ ಹೆಂಡತಿ ಅವನನ್ನು ಮನೆಯಲ್ಲಿರಬೇಡ ಎಂದು ಹೊರಗೆ ಅಟ್ಟಿದಳು. 'ನಿನ್ನ ಮೊಣಕಾಲನ್ನ ಬೇರೆ ಎಲ್ಲಾದ್ರೂ ಇಟ್ಟು ಬಾ' ಎಂದಳು.

ಗಣಿತ ಪರೀಕ್ಷೆಯ ದಿನ ಅವನು ಶಾಲೆಯ ಗೇಟಿನಾಚೆ ರಸ್ತೆಯ ಆ ಬದಿಯಲ್ಲಿ ನಿಂತಿದ್ದ. ಹುಡುಗಿ ಹೊರಗೆ ಬಂದಾಗ ಅವನು ಕೇಳಿದ್ದು ಪ್ರಶ್ನೆಪತ್ರಿಕೆಯ ಬಗ್ಗೆ ಅಲ್ಲ.

'ಸದ್ದಿತ್ತಾ?'

'ಫ್ಯಾನ್ ಒಂದು ಕಟಕಟ ಅಂತಿತ್ತು. ಉಳಿದೋರೆಲ್ಲ ಗೊಣಗಿದ್ರು, ಆಫ್ ಮಾಡಿಸಿದ್ರು.'

'ಆಫ್ ಮಾಡಿಸಿದ ಮೇಲೆ?'

'ಮೊದಲು ಸ್ವಲ್ಪ ಹೊತ್ತು ಕೈ ನಿಂತಿತು. ಆಮೇಲೆ ಓಡ್ತು. ಕೊನೇದೊಂದು ದೊಡ್ಡ ಲೆಕ್ಕ ಅರ್ಧಕ್ಕೇ ಬಿಟ್ಟೆ ಅಪ್ಪ, ಬೆಲ್ ಆಯ್ತು.'

ಆ ಅರ್ಧ ಲೆಕ್ಕ ಅವನನ್ನು ಫಲಿತಾಂಶದವರೆಗೂ ಬಿಡಲಿಲ್ಲ. ಅದಕ್ಕೆ ಎಷ್ಟು ಅಂಕ, ಅರ್ಧಕ್ಕೆ ಎಷ್ಟು ಕೊಡುತ್ತಾರೆ ಎಂದು ಅವನು ಮೇಷ್ಟ್ರನ್ನು ಕೇಳಿದ, ಅಂಚೆಯವನನ್ನು ಕೇಳಿದ, ಬಕೆಟ್ಟು ಕೊಳ್ಳಲು ಬಂದವರನ್ನೂ ಕೇಳಿದ. ಒಬ್ಬೊಬ್ಬರು ಒಂದೊಂದು ಹೇಳಿದರು.

ಫಲಿತಾಂಶದ ದಿನಕ್ಕೂ ಅವನು ಮೊದಲೇ ತಯಾರಿ ಮಾಡಿಕೊಂಡಿದ್ದ. ಬೇಕರಿಯವನೊಬ್ಬ ಒಲೆಯ ಮೇಲೆ ಹೊಗೆ ಹೀರುವ ದೊಡ್ಡ ಗೂಡು ಬೇಕೆಂದಿದ್ದ. ಅದನ್ನು ಬೇಕೆಂದೇ ಆ ದಿನ ಸಂಜೆಗೆ ಒಪ್ಪಿಕೊಂಡಿದ್ದ. ಕೈ ಖಾಲಿಯಿದ್ದರೆ ಆ ದಿನ ತಾನು ಏನು ಮಾಡಿಯೇನೋ ಎಂದು ಅವನಿಗೇ ಭಯ. ದೊಡ್ಡವಳು ಡಿಪೋದಿಂದ ನೋಡಿ ಫೋನ್ ಮಾಡುತ್ತೇನೆಂದಿದ್ದಳು. ಚಿಕ್ಕವಳು ತಾನು ನೋಡುವುದೇ ಇಲ್ಲವೆಂದು ಮೇಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದಳು.

ಬೆಳಗ್ಗೆಯಿಂದ ಮೇಸ್ತ್ರಿ ಬಡಿಯುತ್ತಲೇ ಇದ್ದ. ಗೂಡಿನ ತಗಡು ಅಗಲ, ಒಂದೊಂದು ಪೆಟ್ಟೂ ಬೀದಿಯ ಎರಡು ತುದಿಗೆ ಕೇಳುತ್ತಿತ್ತು. ಫೋನು ಸಾಮಾನಿನ ಡ್ರಾಯರಿನಲ್ಲಿತ್ತು. ಅದು ಎಷ್ಟು ಸಲ ಕೂಗಿಕೊಂಡಿತೋ ಅವನಿಗೆ ತಿಳಿಯಲಿಲ್ಲ. ತಲೆಯೆತ್ತಿದಾಗ ಬಾಗಿಲಲ್ಲಿ ಗಿರಣಿಯವನು ನಿಂತಿದ್ದ. ಕೈಯಲ್ಲಿ ಅವನದೇ ಫೋನಿತ್ತು, ತುಟಿ ಅಲ್ಲಾಡುತ್ತಿತ್ತು. ಹುಬ್ಬಿನವರೆಗೆ ಹಿಟ್ಟು ಮೆತ್ತಿದ ಆ ಮುಖದಲ್ಲಿ ನಗುವಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ.

ಮೇಸ್ತ್ರಿ ತಲೆ ತಗ್ಗಿಸಿ ಇನ್ನೂ ಜೋರಾಗಿ ಬಡಿದ. ನಿಲ್ಲಿಸಿದರೆ ಕೇಳಿಸುತ್ತದೆ. ಕೇಳಿಸದಿರುವಷ್ಟು ಹೊತ್ತು ಎಂಬತ್ತು ಬಂದಿರಲೂಬಹುದು. ಗಿರಣಿಯವನು ಒಳಗೆ ಬಂದು ಎದುರು ನಿಂತ, ಕೈ ಬೀಸಿದ. ಹೆಂಡತಿ ಮೆಟ್ಟಿಲಿಳಿದು ಬಂದು ಏನೋ ಕೂಗಿದಳು. ಅವನು ತಗಡಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಅಂಚು ಮಡಿಸಿಯಾಗಿತ್ತು, ಆದರೂ ಮಡಿಸಿದ್ದನ್ನೇ ಬಡಿಯುತ್ತಿದ್ದ.

ಆಗ ಆ ಅಂಚಿನ ಮೇಲೆ, ಪೆಟ್ಟು ಬೀಳುವ ಜಾಗದಲ್ಲೇ, ಒಂದು ಅಂಗೈ ಬಂದು ಕೂತಿತು.

ಸುತ್ತಿಗೆ ಗಾಳಿಯಲ್ಲಿ ನಿಂತಿತು. ತಗಡು ಇನ್ನೂ ಸ್ವಲ್ಪ ಹೊತ್ತು ಗುಂಯ್ ಅನ್ನುತ್ತಿತ್ತು. ಚಿಕ್ಕ ಮಗಳು ಕೈ ತೆಗೆಯಲಿಲ್ಲ.

'ಬೆರಳು ಹೋಗ್ತಿತ್ತಲ್ಲೇ' ಎಂದ ಮೇಸ್ತ್ರಿ.

'ಅಕ್ಕ ಆಗ್ಲಿಂದ ಫೋನ್ ಮಾಡ್ತಿದ್ದಾಳೆ. ಎತ್ತಲಿಲ್ಲ ಅಂತ ಗಿರಣಿ ಮಾವನಿಗೆ ಮಾಡಿ ಹೇಳಿದ್ಲು. ಗಣಿತದಲ್ಲಿ ಎಂಬತ್ತಮೂರು.'

'ಎಷ್ಟು?'

'ಎಂಬತ್ತಮೂರು ಅಪ್ಪ.'

'ಆ ಅರ್ಧ ಲೆಕ್ಕಕ್ಕೆ ಎಷ್ಟು ಕೊಟ್ಟಿದ್ದಾರೆ?'

'ಅದನ್ನೆಲ್ಲ ಹೇಳಲ್ಲ ಅವರು.'

'ಅದೂ ಪೂರ್ತಿ ಮಾಡಿದ್ರೆ ಎಂಬತ್ತೆಂಟೋ ಒಂಬತ್ತೋ ಆಗ್ತಿತ್ತು.'

'ಸೀಟು ಸಿಕ್ತಲ್ಲಯ್ಯ' ಎಂದ ಗಿರಣಿಯವನು. 'ಇವನಿಗೆ ನೂರು ಬಂದ್ರೂ ನೂರೊಂದು ಯಾಕಿಲ್ಲ ಅಂತ ಕೇಳ್ತಾನೆ.'

ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಮೆಟ್ಟಿಲ ಮೇಲೆ ಕೂತಳು. ಡ್ರಾಯರಿನಲ್ಲಿ ಫೋನು ಮತ್ತೆ ಹೊಡೆದುಕೊಂಡಿತು. ಈ ಸಲ ಎಲ್ಲರಿಗೂ ಕೇಳಿಸಿತು, ಯಾರೂ ಎತ್ತಲಿಲ್ಲ. ಮೇಸ್ತ್ರಿ ಸುತ್ತಿಗೆ ಕೆಳಗಿಡಲು ನೋಡಿದ. ಆಗಲಿಲ್ಲ. ಬೆಳಗ್ಗೆಯಿಂದ ಹಿಡಿದ ಬೆರಳುಗಳು ಹಿಡಿಯ ಸುತ್ತ ಸೆಟೆದುಕೊಂಡಿದ್ದವು. ಮಗಳು ಅದನ್ನು ನೋಡಿ, ತಗಡಿನ ಮೇಲಿನ ಕೈ ತೆಗೆದು, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.

'ಬಿಡಪ್ಪ. ಇನ್ನೇನು ಬಡಿಯೋಕಿದೆ?'

'ಬೇಕರಿಯವನು ಸಂಜೆ ಬರ್ತಾನೆ' ಎಂದ ಮೇಸ್ತ್ರಿ. 'ಇನ್ನೊಂದು ಬದಿ ಹಾಗೇ ಇದೆ.'